ಬಾತುಮರಿಗೆ ಅರಿವಳಿಕೆ: ಮೂರನೇ ಪ್ರಯತ್ನ

ಎರಡನೇ ಮರಿ ಹೋದ ಮೇಲೆ ಹತ್ತು ದಿನ ಇಲ್ಲಿ ಏನೂ ಬರೆಯಲಿಲ್ಲ. ಮನಸ್ಸಾಗಲಿಲ್ಲ. ಆಪರೇಷನ್ ಸರಿಯಾಗಿಯೇ ಆಗಿತ್ತು, ಮರಿ ಹೋಗಿದ್ದು ಚಳಿಗೆ. ಹೊಟ್ಟೆಯ ಮೇಲೆ ಸ್ಪಿರಿಟ್ ಒರೆಸಿದ್ದು ನಾನೇ. ಸ್ಪಿರಿಟ್ ಆರುವಾಗ ಮೈಯ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ, ನಲವತ್ತು ಗ್ರಾಂ ಜೀವಕ್ಕೆ ಅಷ್ಟೇ ಸಾಕು.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ಖಾಕಿ ಕ್ಯಾಂಪ್‌ಬೆಲ್ ತಳಿಯ ಬಾತಿನ ಮೊಟ್ಟೆ ಸುಮಾರು 28 ದಿನಕ್ಕೆ ಒಡೆಯುತ್ತದೆ. ಒಡೆಯುವ ಸ್ವಲ್ಪ ಮುಂಚೆ, ಮಿಕ್ಕ ಹಳದಿಯ ಚೀಲ ಹೊಕ್ಕುಳಿನ ಮೂಲಕ ಮರಿಯ ಹೊಟ್ಟೆಯೊಳಗೆ ಹೋಗುತ್ತದೆ. ಮೊದಲ ಎರಡು ಮೂರು ದಿನ ಮರಿಗೆ ಅದೇ ಬುತ್ತಿ. ಇನ್ಕ್ಯುಬೇಟರ್ ಗಲೀಜಾಗಿದ್ದರೆ ಹೊಕ್ಕುಳು ಮುಚ್ಚುವ ಮೊದಲೇ ರೋಗಾಣು ನುಗ್ಗಿ, ಹಳದಿ ಕರಗದೆ ಕೊಳೆಯುತ್ತದೆ. ಔಷಧಿಗೆ ಬಗ್ಗದಿದ್ದರೆ ಚೀಲವನ್ನೇ ತೆಗೆಯಬೇಕು.

ಶುಕ್ರವಾರ ಬಂದಿದ್ದು ನಾಲ್ಕು ದಿನದ ಮರಿ, 43 ಗ್ರಾಂ. ಹೊಟ್ಟೆ ಬಲೂನಿನ ಹಾಗೆ ಉಬ್ಬಿತ್ತು, ಹೊಕ್ಕುಳಿನ ಸುತ್ತ ಕೆಂಪು. ಹಸಿವಿನಲ್ಲಿ ಇಡಲಿಲ್ಲ, ಇಷ್ಟು ಚಿಕ್ಕದನ್ನು ನಾಯಿ ಬೆಕ್ಕಿನ ಹಾಗೆ ರಾತ್ರಿಯಿಡೀ ಉಪವಾಸ ಕೆಡವಿದರೆ ಸಕ್ಕರೆ ಇಳಿದು ಅಲ್ಲೇ ಮುಗಿದುಹೋಗುತ್ತದೆ.

ಅರಿವಳಿಕೆ ಗ್ಯಾಸ್ ಕೊಡುವ ಮಾಸ್ಕ್ ನಾನೇ ಮಾಡಿದ್ದು. 20 ಎಂಎಲ್ ಸಿರಿಂಜಿನ ಕೊಳವೆ ಕತ್ತರಿಸಿ, ಬಾಯಿಗೆ ಗ್ಲೌಸಿನ ತುಂಡು ಬಿಗಿದು, ನಡುವೆ ಕೊಕ್ಕು ತೂರುವಷ್ಟು ತೂತು. ಹೋದ ಸಲ ಇದನ್ನೇ ಒಮ್ಮೆಲೇ ಒತ್ತಿ ಹಿಡಿದಿದ್ದೆ. ಬಾತುಗಳು ನೀರಲ್ಲಿ ಮುಳುಗುವ ಹಕ್ಕಿಗಳು ಅಲ್ವಾ, ಕೊಕ್ಕಿನ ಸುತ್ತ ಏನಾದರೂ ಒತ್ತಿದರೆ ಮುಳುಗಿದ ಹಾಗೇ ಉಸಿರು ಹಿಡಿಯುತ್ತವೆ, ಎದೆಬಡಿತವೂ ನಿಧಾನವಾಗುತ್ತದೆ. ಇದು ಗೊತ್ತಿಲ್ಲದೆ ಗ್ಯಾಸ್ ಹೆಚ್ಚಿಸಿದರೆ, ಮತ್ತೆ ಉಸಿರೆಳೆದ ಕ್ಷಣಕ್ಕೆ ಜಾಸ್ತಿ ಡೋಸ್ ಒಳಗೆ ಹೋಗುತ್ತದೆ. ಈ ಸಲ ಮೊದಲು ಬರೀ ಆಮ್ಲಜನಕ, ಮಾಸ್ಕ್ ಕೊಕ್ಕಿನಿಂದ ಒಂದು ಬೆರಳು ದೂರ. ಆಮೇಲೆ ಐಸೋಫ್ಲೂರೇನ್ ಅನ್ನೋ ಅರಿವಳಿಕೆ ಗ್ಯಾಸನ್ನು ಮೆಲ್ಲಗೆ ಏರಿಸುತ್ತಾ ಹತ್ತಿರ ತಂದೆ. ಆದರೂ ಒಮ್ಮೆ ಉಸಿರು ನಿಲ್ಲಿಸಿತು. ಮರಿ ತಂದಿದ್ದ ಅಕ್ಕ "ಡಾಕ್ಟ್ರೇ, ಉಸಿರಾಡ್ತಾ ಇಲ್ವಲ್ಲ" ಅಂದರು. ಮಾಸ್ಕ್ ಹಿಂದಕ್ಕೆ ಎಳೆದು ಕಾದೆ, ಮತ್ತೆ ಶುರುವಾಯಿತು. ನಿದ್ದೆ ಹತ್ತಿದ ಮೇಲೆ ಗ್ಯಾಸನ್ನು ಎರಡು ಪರ್ಸೆಂಟಿಗೆ ಇಳಿಸಿದೆ.

ಹಕ್ಕಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ ಹೊಟ್ಟೆಯ ನಡುವೆ ಉಸಿರೆಳೆಯುವ ಸ್ನಾಯು, ಇಲ್ಲ. ಎದೆಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಗಾಳಿಚೀಲಗಳು ಗಾಳಿ ಎಳೆಯುತ್ತವೆ, ಎದೆಯ ಮೇಲೆ ಬೆರಳಿಟ್ಟರೆ ಕತ್ತು ಹಿಸುಕಿದ ಹಾಗೆಯೇ. ಅದಕ್ಕೇ ಬಟ್ಟೆಯ ಬದಲು ತೆಳು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿದ್ದೆ. ಬೆನ್ನ ಮೇಲೆ ಮಲಗಿಸಿದರೆ ಕರುಳಿನ ಭಾರ ಗಾಳಿಚೀಲಗಳ ಮೇಲೆ ಬೀಳುತ್ತದೆ, ಆದ್ದರಿಂದ ತಲೆ ಕಡೆ ಸ್ವಲ್ಪ ಎತ್ತರಿಸಿದ್ದೆ. ಎದೆಯ ಹಳದಿ ತುಪ್ಪಳ ಏರಿಳಿಯೋದು ಪ್ಲಾಸ್ಟಿಕ್ಕಿನೊಳಗೆ ಕಾಣ್ತಾ ಇತ್ತು. ನನ್ನ ಸಹಾಯಕಿಗೆ ಕೊಟ್ಟ ಕೆಲಸ ಒಂದೇ: ಕಣ್ಣು ಅಲ್ಲಿಂದ ತೆಗೆಯಬಾರದು.

ಬಿಸಿಗೆ, ಬೆಚ್ಚನೆ ನೀರು ತುಂಬಿದ ಗ್ಲೌಸು ಎರಡೂ ಪಕ್ಕ, ಕೆಳಗೆ ಹೀಟಿಂಗ್ ಪ್ಯಾಡ್. ಸ್ಪಿರಿಟ್ ಇಲ್ಲ, ಉಗುರುಬೆಚ್ಚಗಿನ ಪೊವಿಡೋನ್ ಅಯೋಡಿನ್, ಅದೂ ಹತ್ತಿಯ ತುದಿಯಲ್ಲಿ. ತುಪ್ಪಳ ಕಿತ್ತಿದ್ದು ಹೊಕ್ಕುಳಿನ ಸುತ್ತ ಒಂದು ರೂಪಾಯಿ ಅಗಲ ಮಾತ್ರ.

ಚೀಲ ಒಡೆಯದೆ ಹೊರಗೆ ಬಂತು. ಕರುಳಿಗೆ ಅಂಟಿದ ತೊಟ್ಟನ್ನು ಕಟ್ಟಿ ಕತ್ತರಿಸಿದೆ. ಒಟ್ಟು ಹದಿನಾಲ್ಕು ನಿಮಿಷ. ಗ್ಯಾಸ್ ನಿಲ್ಲಿಸಿ ಬರೀ ಆಮ್ಲಜನಕ ಕೊಟ್ಟ ನಾಲ್ಕನೇ ನಿಮಿಷಕ್ಕೆ ಕಾಲು ಒದೆಯಿತು. ಬಿಸಿ ಪೆಟ್ಟಿಗೆಯಲ್ಲಿ ಒಂದು ಗಂಟೆ ಕಳೆದ ಮೇಲೆ ನೆನೆಸಿದ ಫೀಡಿಗೆ ಕೊಕ್ಕು ಹಾಕಿತು. ನಾನು ಸುಮ್ನೆ ನೋಡುತ್ತಾ ಕೂತಿದ್ದೆ.

ಚೀಲ ತೆಗೆದ ಮೇಲೆ ತೂಕ 36 ಗ್ರಾಂ ಇತ್ತು, ಇವತ್ತು ಬೆಳಿಗ್ಗೆ 41. ಮುಂದಿನ ಸಲಕ್ಕೆ ಮಾಸ್ಕಿನ ತೂತು ಇನ್ನೂ ಸ್ವಲ್ಪ ಅಗಲ ಮಾಡಬೇಕು, ಗ್ಲೌಸಿನ ಅಂಚು ಮೂಗಿನ ಹೊಳ್ಳೆಗೆ ತಾಗ್ತಾ ಇತ್ತು.