ಅಷ್ಟಮಿಗೆ ಬ್ಯಾಟ್‌ಮ್ಯಾನ್: ಕತ್ತು ತಿರುಗುವ ಮುಖವಾಡ ಎಲ್ಲಿಗೆ ಬಂತು

ಆಟಿ (ತುಳುವರ ಮಳೆಗಾಲದ ತಿಂಗಳು) ಶುರು

ಈ ಸಲದ ವಿಟ್ಲಪಿಂಡಿಗೆ, ಅಂದರೆ ಕೃಷ್ಣಾಷ್ಟಮಿಯ ಮರುದಿನದ ಉತ್ಸವಕ್ಕೆ, ಉಡುಪಿಯ ರಥಬೀದಿಯಲ್ಲಿ ಬ್ಯಾಟ್‌ಮ್ಯಾನ್ ವೇಷ ಹಾಕುವುದು ಅಂತ ನಮ್ಮ ಗ್ಯಾಂಗಿನಲ್ಲಿ ತೀರ್ಮಾನ ಆಯಿತು. ವೇಷ ಹಾಕುವವನು ನಾನು. ಮಾಡುವವರು ಎಲ್ಲರೂ.

ಯಾವ ಬ್ಯಾಟ್‌ಮ್ಯಾನ್ ಅನ್ನುವುದಕ್ಕೇ ಜಾಸ್ತಿ ಹೊತ್ತು ಹೋಯಿತು. ಒಬ್ಬನಿಗೆ 2022ರ ರಾಬರ್ಟ್ ಪ್ಯಾಟಿನ್‌ಸನ್ ಹಾಕಿದ್ದ, ಹೊಲಿಗೆ ಎದ್ದು ಕಾಣುವ ಮುಖವಾಡವೇ ಆಗಬೇಕು. ಇನ್ನೊಬ್ಬ ಬ್ಯಾಟ್‌ಮ್ಯಾನೇ ಬೇಡ, ಮಾರ್ವೆಲ್ ಕಥೆಗಳ ಖಳನಾಯಕ ಡಾಕ್ಟರ್ ಡೂಮ್ ಮಾಡೋಣ ಅಂತ ಹಟ ಹಿಡಿದ. 2024ರ ಸ್ಯಾನ್ ಡಿಯಾಗೋ ಕಾಮಿಕ್ ಕಾನ್‌ನಲ್ಲಿ ಡೂಮ್ ವೇಷದ ಹಸಿರು ನಿಲುವಂಗಿಯವನು ಮುಖವಾಡ ತೆಗೆದಾಗ ಒಳಗಿದ್ದದ್ದು ರಾಬರ್ಟ್ ಡೌನಿ ಜೂನಿಯರ್. ಆ ವಿಡಿಯೊ ಅವನು ಈಗಲೂ ದಿನಾ ನೋಡುತ್ತಾನೆ. ಡೂಮ್ ಮುಂದಿನ ವರ್ಷಕ್ಕೆ ಅಂತ ಹೇಳಿ ಸಮಾಧಾನ ಮಾಡಿದೆವು.

ನನ್ನ ಆಯ್ಕೆ 1992ರ ಕಾರ್ಟೂನ್ ಬ್ಯಾಟ್‌ಮ್ಯಾನ್. ಬ್ರೂಸ್ ಟಿಮ್ ಮತ್ತು ಎರಿಕ್ ರಾಡೊಮ್‌ಸ್ಕಿ ಮಾಡಿದ್ದು, ಕೆವಿನ್ ಕಾನ್‌ರಾಯ್ ದನಿ ಕೊಟ್ಟದ್ದು. ಅದರಲ್ಲಿ ಊರು, ಆಕಾಶ, ಕಟ್ಟಡ ಎಲ್ಲವನ್ನೂ ಕಪ್ಪು ಕಾಗದದ ಮೇಲೆ ಬಣ್ಣ ಹಚ್ಚಿ ಬರೆದಿದ್ದರು. ಬಿಳಿ ಕಾಗದಕ್ಕೆ ಕತ್ತಲೆ ತುಂಬುವ ಬದಲು ಕತ್ತಲೆಯಿಂದಲೇ ಬೆಳಕು ತೆಗೆದ ಹಾಗೆ. ಗೆರೆಗಳೂ ಕಡಿಮೆ. ಬೂದು ಮೈ, ಕಡುನೀಲಿ ತಲೆ, ಹಳದಿ ಬೆಲ್ಟು, ಎರಡು ಬಿಳಿ ಕಣ್ಣು. ಗಲಾಟೆಯ ಬೀದಿಯಲ್ಲಿ ದೂರದಿಂದಲೇ ಗುರುತು ಸಿಗಬೇಕಾದರೆ ಇದಕ್ಕಿಂತ ಒಳ್ಳೆಯದು ಇಲ್ಲ.

ಒಂದೇ ಒಂದು ಷರತ್ತು ಹಾಕಿದ್ದೇನೆ. ಕತ್ತು ತಿರುಗಬೇಕು.

ಅದೇ ವಾರ, ಕತ್ತಿನ ವಿಷಯ

ಇದು ಸಣ್ಣ ವಿಷಯ ಅಲ್ಲ. 1989ರ ಸಿನಿಮಾದಲ್ಲಿ ಮೈಕಲ್ ಕೀಟನ್ ಹಾಕಿದ್ದ ಮುಖವಾಡ ತಲೆಯಿಂದ ಭುಜದ ತನಕ ಒಂದೇ ರಬ್ಬರ್ ತುಂಡು. ಪಕ್ಕಕ್ಕೆ ನೋಡಬೇಕಾದರೆ ಸೊಂಟದಿಂದ ಮೇಲೆ ಇಡೀ ಮೈ ತಿರುಗಿಸಬೇಕಿತ್ತು. ಕೀಟನ್ ಅದನ್ನೇ ಪಾತ್ರದ ನಡೆ ಮಾಡಿಕೊಂಡರು, ಅದು ಅವರ ದೊಡ್ಡತನ. ಆದರೆ ತೊಂದರೆ ಮುಂದಿನ ಸಿನಿಮಾಗಳಿಗೂ ಬಂತು. 2008ರಲ್ಲಿ ಕ್ರಿಶ್ಚಿಯನ್ ಬೇಲ್‌ಗೆ ಬೈಕ್ ಹೆಲ್ಮೆಟ್ಟಿನ ರೀತಿಯಲ್ಲಿ ತಲೆಯನ್ನೂ ಕತ್ತನ್ನೂ ಬೇರೆ ಬೇರೆ ಮಾಡಿ ಕೊಟ್ಟ ಮೇಲೆ ತಲೆ ಸಲೀಸಾಗಿ ತಿರುಗಿತು. ಹೊಸ ಸೂಟಿನಲ್ಲಿ ತಲೆ ತಿರುಗಿಸಲು ಆಗಬೇಕು ಅಂತ ಬ್ರೂಸ್ ವೇಯ್ನ್ (ಮುಖವಾಡದೊಳಗಿನ ಬ್ಯಾಟ್‌ಮ್ಯಾನ್) ಕೇಳುವುದು ಆ ಸಿನಿಮಾದ ಕಥೆಯೊಳಗೇ ಬರುತ್ತದೆ. ನನಗೆ ಅದು ಬಹಳ ಇಷ್ಟ.

ಸಿನಿಮಾದಲ್ಲಾದರೆ ಕ್ಯಾಮೆರಾ ಎಲ್ಲಿದೆ ಅಂತ ಗೊತ್ತಿರುತ್ತದೆ. ವಿಟ್ಲಪಿಂಡಿಯಲ್ಲಿ ಹಾಗಲ್ಲ. ಚಿನ್ನದ ರಥದಲ್ಲಿ ಕೃಷ್ಣನ ಮಣ್ಣಿನ ಮೂರ್ತಿ ಬರುತ್ತಿರುತ್ತದೆ. ಗುರ್ಜಿ ಅನ್ನುವ ಮರದ ಕಟ್ಟುಗಳಲ್ಲಿ ತೂಗುಹಾಕಿದ ಮೊಸರು ಕುಡಿಕೆ ಒಡೆಯುತ್ತಿರುತ್ತಾರೆ. ಹಿಂದಿನಿಂದ ತಾಸೆಯ ಬಡಿತ, ಪಕ್ಕದಲ್ಲಿ ಹುಲಿವೇಷದವರು, ಮಂಡಿ ಹತ್ತಿರ ಮಕ್ಕಳು. ಕತ್ತು ತಿರುಗದವನು ಅಲ್ಲಿ ಯಾರಿಗಾದರೂ ಡಿಕ್ಕಿ ಹೊಡೆಯುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಕರೆದ ಮಗುವಿನ ಕಡೆ ನೋಡಲಿಕ್ಕೆ ಆಗದ ಬ್ಯಾಟ್‌ಮ್ಯಾನ್ ಯಾಕೆ ಬೇಕು?

ಆಟಿ ಅಮಾಸೆ ಕಳೆದು

ಅಮಾಸೆಯ ಪದ್ಧತಿಯಂತೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ಕಷಾಯ ಕುಡಿದದ್ದರ ಕಹಿ ಎರಡು ದಿನ ಆದರೂ ನಾಲಗೆಯಲ್ಲಿ ಉಂಟು. ಕೆಲಸ ಮಾತ್ರ ಭರದಿಂದ ಸಾಗಿದೆ.

ಅಳತೆ ತೆಗೆದದ್ದು ಹೀಗೆ. ತಲೆಗೆ ತೆಳು ಪ್ಲಾಸ್ಟಿಕ್ ಸುತ್ತಿ, ಮೂಗು ಬಾಯಿ ಬಿಟ್ಟು, ಮೇಲೆ ಪೇಂಟರುಗಳ ಕಾಗದದ ಟೇಪು ಅಂಟಿಸಿದೆವು. ಟೇಪಿನ ಮೇಲೆ ಪೆನ್ನಿನಲ್ಲಿ ಜೋಡಣೆಯ ಗೆರೆ ಎಳೆದೆವು. ನಡುನೆತ್ತಿಯ ಮೇಲೆ ಒಂದು, ಕಿವಿಯ ಹಿಂದೆ ಒಂದೊಂದು, ಕೆನ್ನೆಗೆ ಒಂದೊಂದು. ಆಮೇಲೆ ಆ ಗೆರೆಗಳಲ್ಲಿ ಕತ್ತರಿಸಿ ಬಿಡಿಸಿ ಹಾಸಿದರೆ ನನ್ನ ತಲೆಯ ನಕ್ಷೆ ರೆಡಿ. ಅದನ್ನೇ ಫೋಮಿನ ಮೇಲಿಟ್ಟು ಗೀಟು ಹಾಕಿದ್ದು.

ಫೋಮ್ ಅಂದರೆ ಇವಿಎ. ತಲೆಗೆ 6 ಮಿಲಿಮೀಟರ್, ಕಿವಿಗೆ 10 ಮಿಲಿಮೀಟರ್. ಹವಾಯಿ ಚಪ್ಪಲಿಗೂ ಇದನ್ನು ಹಾಕುತ್ತಾರೆ. ಹಾಗಾಗಿ ಇದನ್ನು ಕತ್ತರಿಸುವ, ಅಂಟಿಸುವ ಕೆಲಸ ಚಪ್ಪಲಿ ರಿಪೇರಿಯವರಿಗೆ ಚೆನ್ನಾಗಿ ಗೊತ್ತು. ಬಸ್‌ಸ್ಟ್ಯಾಂಡ್ ಹತ್ತಿರ ಕೂರುವ ಅಜ್ಜ ನನಗೆ ಒಂದು ಮಾತು ಹೇಳಿದರು: "ಬ್ಲೇಡು ಮೊಂಡಾಗುವ ಮೊದಲೇ ಬದಲಿಸು ಮಗಾ." ಅಷ್ಟೇ. ಅಂಚು ಎಷ್ಟು ನುಣುಪಾಗಿ ಬಂತು ಅಂದರೆ ಜೋಡಿಸಿದ ಜಾಗ ಹುಡುಕಬೇಕು.

ಅಂಟಿನ ವಿಷಯ ಮಳೆಗಾಲದಲ್ಲಿ ಬೇರೆಯೇ. ರಬ್ಬರ್ ಅಂಟನ್ನು ಎರಡೂ ಬದಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ತಾಗದಷ್ಟು ಒಣಗಿದ ಮೇಲೆ ಒತ್ತಬೇಕು. ಆದರೆ ಅಂಟಿನ ದ್ರಾವಕ ಆರುವಾಗ ಮೇಲ್ಮೈ ತಂಪಾಗುತ್ತದೆ. ಗಾಳಿ ಒದ್ದೆ ಇದ್ದರೆ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೇವ ಕೂರುತ್ತದೆ, ಹಿಡಿತ ಸಡಿಲ ಆಗುತ್ತದೆ. ಆಟಿಯಲ್ಲಿ ನಮ್ಮಲ್ಲಿ ಒಣ ಗಾಳಿ ಎಲ್ಲಿಂದ ತರುವುದು? ಹೀಟ್ ಗನ್ನಿನಿಂದ ಎರಡೂ ಅಂಚನ್ನು ಸ್ವಲ್ಪ ಬೆಚ್ಚಗೆ ಮಾಡಿ, ಆಮೇಲೆ ಒತ್ತುತ್ತಿದ್ದೇವೆ. ಬಾಗಿಲು ಕಿಟಕಿ ತೆರೆದೇ ಇಡಬೇಕು, ವಾಸನೆ ತಲೆಗೆ ಹತ್ತುತ್ತದೆ. ಇಲ್ಲಿಯ ತನಕ ಒಂದು ಜೋಡಣೆಯೂ ಬಿಟ್ಟಿಲ್ಲ.

ಸೂಪರ್‌ಮ್ಯಾನ್ ನೋಡಿ ಬಂದ ಮೇಲಿನ ಚರ್ಚೆ

ಜೇಮ್ಸ್ ಗನ್ ಅವರ ಹೊಸ ಸೂಪರ್‌ಮ್ಯಾನ್ ನೋಡಿಕೊಂಡು ಬಂದ ಮೇಲೆ ಗ್ಯಾಂಗಿನಲ್ಲಿ ಮಾತು ಎಲ್ಲಾ ಕೆಂಪು ಚಡ್ಡಿಯದ್ದೇ. 2013ರ ಸಿನಿಮಾದಲ್ಲಿ ಅದನ್ನು ತೆಗೆದಿದ್ದರು, ಈಗ ಮತ್ತೆ ಬಂದಿದೆ. ಅದು ಬೇಕು ಅಂತ ಗನ್‌ಗೆ ಒಪ್ಪಿಗೆ ಮಾಡಿಸಿದ್ದು ಸೂಪರ್‌ಮ್ಯಾನ್ ಪಾತ್ರ ಮಾಡಿದ ಡೇವಿಡ್ ಕೊರೆನ್‌ಸ್ವೆಟ್ ಹೇಳಿದ ಕಾರಣ. ಇಷ್ಟೆಲ್ಲ ಶಕ್ತಿ ಇರುವವನನ್ನು ಕಂಡು ಮಕ್ಕಳು ಹೆದರಬಾರದು, ಅದಕ್ಕೆ ಅವನ ಬಟ್ಟೆ ಹಾಗಿದೆ ಅಂತ.

"ಹಾಗಾದರೆ ನಮ್ಮದು ಎಂಥದು ಮಾರಾಯ? ಕೋಡು, ಬಿಳಿ ಕಣ್ಣು, ಮಕ್ಕಳು ಓಡಿ ಹೋಗುವುದಿಲ್ವಾ?" ಅಂತ ಒಬ್ಬ ಕೇಳಿದ. ಸರಿಯಾದ ಪ್ರಶ್ನೆ. ಕಟಪಾಡಿಯ ರವಿ ಅವರು ಅಷ್ಟಮಿಗೆ ಹಾಕುವ ವೇಷ ನೋಡಿದವರಿಗೆ ಗೊತ್ತು. ಸಿನಿಮಾದ ರಾಕ್ಷಸರ ಹಾಗೆ ಭಯ ಹುಟ್ಟಿಸುವ ರೂಪ. ಆದರೂ ಜನ ಮುತ್ತಿಕೊಳ್ಳುತ್ತಾರೆ, ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಅಂತ ಡಬ್ಬಿಗೆ ಹಣ ಹಾಕುತ್ತಾರೆ. ಕಟ್ಟಡ ಕೆಲಸ ಮಾಡುವ ಒಬ್ಬರು ಒಂದು ವೇಷದಿಂದ ಅಷ್ಟು ಮಾಡಿದ್ದಾರೆ. ಉಡುಪಿಯ ಮಕ್ಕಳು ಹುಲಿಯ ಮುಂದೆಯೇ ಬೆಳೆದವರು. ಹೆದರುವುದು, ಅಮ್ಮನ ಹಿಂದೆ ಅಡಗುವುದು, ಮತ್ತೆ ಇಣುಕಿ ನೋಡುವುದು, ಅದರಲ್ಲೇ ಅವರಿಗೆ ಖುಷಿ. ಇಣುಕಿದಾಗ ತಲೆ ಬಗ್ಗಿಸಿ ಕೈ ಬೀಸಿದರೆ ಸಾಕು. ಮತ್ತೆ ಕತ್ತಿಗೇ ಬಂತು ನೋಡಿ ಮಾತು.

ಸೋಣ (ಆಟಿಯ ಮುಂದಿನ ತಿಂಗಳು) ಬಂತು

ಕಣ್ಣಿಗೆ ಬಹಳ ತಲೆ ಕೆಡಿಸಿಕೊಂಡೆವು. ಸಿನಿಮಾ ಬ್ಯಾಟ್‌ಮ್ಯಾನಿಗೆ ಸುಲಭ, ಕಣ್ಣ ಸುತ್ತ ಕಪ್ಪು ಬಳಿದರೆ ಆಯಿತು. 1992ರ ಎರಡನೇ ಸಿನಿಮಾದಲ್ಲಿ ಕೀಟನ್ ಮುಖವಾಡ ಹರಿದು ತೆಗೆಯುವಾಗ ಆ ಕಪ್ಪು ಮಾಯ ಆಗಿರುವುದನ್ನು ಹಿಡಿದು ಅಭಿಮಾನಿಗಳು ಇವತ್ತಿಗೂ ಚರ್ಚೆ ಮಾಡುತ್ತಾರೆ. ಪ್ಯಾಟಿನ್‌ಸನ್ ಮುಖದಲ್ಲಿ ಮಾತ್ರ ಮುಖವಾಡ ತೆಗೆದ ಮೇಲೂ ಕಪ್ಪು ಹಾಗೇ ಇತ್ತು.

ಕಾರ್ಟೂನಿನದ್ದು ಪೂರ್ತಿ ಬಿಳಿ ಕಣ್ಣು. ಅದಕ್ಕೆ ಬಲೆ ಬೇಕು. ಹೊರಬದಿಗೆ ಬಿಳಿ, ಒಳಬದಿಗೆ ಕಪ್ಪು. ಹೊರಗೆ ಬೆಳಕು, ಒಳಗೆ ಕತ್ತಲೆ ಇರುವುದರಿಂದ ಹೊರಗಿನವರಿಗೆ ಬಿಳಿ ಮಾತ್ರ ಕಾಣುತ್ತದೆ, ನನಗೆ ಬೀದಿ ಕಾಣುತ್ತದೆ. ಮೊದಲು ತಂದ ಬಲೆ ತುಂಬಾ ನಯ. ನೀರು ಚಿಮುಕಿಸಿ ನೋಡಿದಾಗ ತೂತು ತೂತಿನಲ್ಲೂ ನೀರಿನ ಪೊರೆ ನಿಂತಿತು, ಎದುರಿನದ್ದೆಲ್ಲ ಮಸುಕು. ಕಿಟಕಿಗೆ ಹಾಕುವ ಸೊಳ್ಳೆ ಪರದೆಯ ತೂತು ಸ್ವಲ್ಪ ದೊಡ್ಡದು, ಒಮ್ಮೆ ತಲೆ ಕೊಡವಿದರೆ ನೀರು ಇಳಿದು ಹೋಗುತ್ತದೆ. ಹತ್ತಿರ ಬಂದವರಿಗೆ ಒಳಗಿನ ಕಣ್ಣು ತುಸು ಕಾಣಬಹುದು. ಪರವಾಗಿಲ್ಲ, ನಾನು ಅದಕ್ಕೇ ಒಪ್ಪಿದ್ದೇನೆ.

ಕತ್ತು ಈಗ ತಿರುಗುತ್ತದೆ! ಮುಖವಾಡ ದವಡೆಯ ಕೆಳಗೆ ಮುಗಿಯುತ್ತದೆ. ಅಲ್ಲಿಂದ ಎದೆಯ ತನಕ ಕಡುನೀಲಿ ಲೈಕ್ರಾ ಬಟ್ಟೆಯ ಕೊಳವೆ, ಪಕ್ಕದ ಮನೆ ಅಕ್ಕ ಹೊಲಿದು ಕೊಟ್ಟದ್ದು. ಫೋಮಿನ ಅಂಚು ಬಟ್ಟೆಯ ಮೇಲೆ ಜಾರುತ್ತದೆ, ಸಂದು ಕಾಣುವುದಿಲ್ಲ. ಎಡ, ಬಲ ಎರಡೂ ಕಡೆ ಗಲ್ಲ ಭುಜದ ಹತ್ತಿರ ಬರುತ್ತದೆ.

ಉಳಿದದ್ದು ಬಗ್ಗುವುದು. ಬಗ್ಗಿದರೆ ಮುಖವಾಡ ಮುಂದೆ ಜಾರುತ್ತಿತ್ತು. ಅದಕ್ಕೆ ಹುಲಿವೇಷ ಹಾಕುವ ಅಣ್ಣನ ಹತ್ತಿರ ಹೋದೆ. ಅವರು ಹುಲಿಯ ಮಂಡೆ ಕಟ್ಟಿಕೊಂಡು ಪಲ್ಟಿ ಹೊಡೆಯುವವರು. ಮುಖವಾಡವನ್ನು ತಿರುಗಿಸಿ ನೋಡಿ, ನನ್ನ ತಲೆಯ ಹಿಂದೆ ಬುರುಡೆಯ ಉಬ್ಬು ಮುಗಿಯುವ ಕಡೆ ಹೆಬ್ಬೆರಳು ಒತ್ತಿದರು. "ಪಟ್ಟಿ ಇಲ್ಲಿಗೆ ಬರಬೇಕು. ಮೇಲೆ ಕಟ್ಟಿದರೆ ಜಾರುತ್ತದೆ. ಹಣೆಗೆ ಸ್ಪಂಜು ಇಡು, ಬೆವರೂ ಹೀರುತ್ತದೆ." ಹಾಗೇ ಎಲಾಸ್ಟಿಕ್ ಪಟ್ಟಿ ಹಾಕಿದೆ. ಈಗ ಕೈಯಲ್ಲಿ ಕಾಲ್ಬೆರಳು ಮುಟ್ಟಿದರೂ ಅಲುಗುವುದಿಲ್ಲ.

ಇನ್ನು ಏನು ಬಾಕಿ

ಬಣ್ಣ ಎರಡನೇ ಕೋಟು ಆಗಬೇಕು. ಬಿಳಿ ಫೆವಿಕಾಲ್ ಬಳಿದು ಅದರ ಮೇಲೆ ಬಣ್ಣ ಹಚ್ಚಿದರೆ ಅಗ್ಗ ಅಂತ ಒಬ್ಬ ಹೇಳಿದ್ದ. ನೀರು ತಾಗಿದರೆ ಅದು ಮೆತ್ತಗಾಗುತ್ತದೆ, ನಮ್ಮ ಮಳೆಗೆ ಆಗುವುದಿಲ್ಲ. ಬಾಗಿದರೂ ಬಿರುಕು ಬಿಡದ ರಬ್ಬರ್ ಪೇಂಟನ್ನೇ ಹಚ್ಚುತ್ತಿದ್ದೇವೆ. ಬೆಲ್ಟಿನ ಚೀಲಗಳು ಒಂದು ಸಂಜೆಯ ಕೆಲಸ.

ಕೇಪಿನ, ಅಂದರೆ ಭುಜದಿಂದ ಹಿಂದೆ ಇಳಿಬೀಳುವ ಬಟ್ಟೆಯ, ಬಗ್ಗೆ ಮಾತ್ರ ಇನ್ನೂ ಜಗಳ. ಪಾದದ ತನಕ ಬೇಕು ಅಂತ ಮೂವರು, ಮಂಡಿಗೆ ಸಾಕು ಅಂತ ನಾನು. 2004ರ ಪಿಕ್ಸಾರ್ ಸಿನಿಮಾದಲ್ಲಿ ಸೂಪರ್‌ಹೀರೋಗಳಿಗೆ ಸೂಟು ಮಾಡುವ ಎಡ್ನಾ ಕೇಪೇ ಬೇಡ ಅಂದದ್ದು ಸುಮ್ನೆ ಅಲ್ಲ. ರಥಬೀದಿಯ ಕೆಸರಿನಲ್ಲಿ ಯಾರಾದರೂ ಅದನ್ನು ತುಳಿದರೆ ಕತ್ತಿಗೇ ಬರುತ್ತದೆ. ಅದಕ್ಕೆ ಭುಜದಲ್ಲಿ ಹೊಲಿಗೆ ಹಾಕಿಸಿಲ್ಲ, ಎರಡೂ ಬದಿಗೆ ಟಿಚ್ ಬಟನ್. ಎಳೆದರೆ ಕಳಚಿ ಬರಬೇಕು. ಭಾನುವಾರ ಅಂಗಳದಲ್ಲಿ ಮಳೆಯಲ್ಲೇ ಕುಣಿದು ನೋಡುತ್ತೇವೆ, ತಾಸೆ ಬಡಿಯಲು ಹುಲಿವೇಷದ ಅಣ್ಣನ ಕಡೆಯವರು ಬರುತ್ತಾರೆ. ಕೇಪು ಎಷ್ಟು ಉದ್ದ ಅಂತ ಅವತ್ತೇ ಕತ್ತರಿ ಹಿಡಿದು ತೀರ್ಮಾನ.