ಆಬರಿಸ್ಟ್‌ವಿತ್: ಕಂಬಿಗೆ ಒದ್ದು ಬರುವ ಊರು

ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ರೈಲು ಮೂರು ತಾಸು ಪಶ್ಚಿಮಕ್ಕೆ ಓಡಿ ಆಬರಿಸ್ಟ್‌ವಿತ್‌ನಲ್ಲಿ ನಿಲ್ಲುತ್ತದೆ. ಅಲ್ಲಿಗೆ ಹಳಿ ಮುಗಿಯಿತು. ಸ್ಟೇಷನ್ನಿನಿಂದ ಹೊರಬಿದ್ದು ಸ್ವಲ್ಪ ನಡೆದರೆ ಸಮುದ್ರ. ವೇಲ್ಸ್‌ನ ಈ ಸಣ್ಣ ಊರಿನಲ್ಲಿ ನಾನು 1996ರಿಂದ 1999ರವರೆಗೆ ಇದ್ದೆ, ಏಳನೇ ವಯಸ್ಸಿನಿಂದ ಹತ್ತರವರೆಗೆ. ಆಮೇಲೆ ಧಾರವಾಡಕ್ಕೆ ವಾಪಸ್ ಬಂದವಳು ಇಪ್ಪತ್ನಾಲ್ಕು ವರ್ಷ ಆ ಕಡೆ ಹೋಗಲೇ ಇಲ್ಲ.

2023ರ ಅಕ್ಟೋಬರ್ ಕೊನೆಗೆ ಅವ್ವನನ್ನು ಕರೆದುಕೊಂಡು ಬರ್ಮಿಂಗ್‌ಹ್ಯಾಮ್‌ನ ತಮ್ಮನ ಮನೆಗೆ ಹೋಗಿದ್ದೆ. ಅಪ್ಪ ಬರಲಿಲ್ಲ, ಮೊಣಕಾಲು ನೋವು. ಲಂಡನ್ ನೋಡೋಣ ಅಂತ ತಮ್ಮ ಹೇಳಿದರೆ ಅವ್ವ ಕೇಳಲೇ ಇಲ್ಲ. "ಲಂಡನ್ ಎಲ್ಲಿಗೂ ಓಡಿಹೋಗಂಗಿಲ್ಲ. ಮೊದಲ ನಮ್ಮೂರಿಗೆ ಹೋಗೂಣು" ಅಂದಳು. ನಮ್ಮೂರು ಅಂದಳು ನೋಡಿ, ಅವತ್ತೇ ಟಿಕೆಟ್ ತೆಗೆಸಿದೆ.

ದಾರಿಯಲ್ಲಿ ಮಖಂಲೆತ್ ಅನ್ನುವ ಜಂಕ್ಷನ್ ಬರುತ್ತದೆ. ಅಲ್ಲಿ ರೈಲು ಎರಡು ತುಂಡಾಗಿ ಒಂದು ಉತ್ತರಕ್ಕೆ ಹೋಗುತ್ತದೆ, ಇನ್ನೊಂದು ಆಬರ್‌ಗೆ. (ಆಬರ್ ಅಂದರೆ ಅಲ್ಲಿನ ವೆಲ್ಶ್ ಭಾಷೆಯಲ್ಲಿ ನದೀ ಮುಖ. ಅಲ್ಲಿಯವರು ಊರಿಗೆ ಇಷ್ಟೇ ಹೇಳುವುದು.) ಸರಿಯಾದ ಡಬ್ಬಿಯಲ್ಲಿ ಕೂತಿದ್ದೇವಾ ಅಂತ ಅವ್ವ ಮೂರು ಸಲ ಕೇಳಿದಳು. ಮುಂದೆ ಡವಿ ನದಿ ಅಗಲವಾಗಿ ಸಮುದ್ರಕ್ಕೆ ಸೇರುವ ಜಾಗ, ಎಲ್ಲಿ ನೋಡಿದರೂ ಕೆಸರು, ಬೂದು ನೀರು, ಕುರಿಗಳು. ಆಮೇಲೆ ಬೋರ್ತ್ ಸ್ಟೇಷನ್.

ಬೋರ್ತ್ ಬಂದ ಕೂಡಲೇ ನನಗೆ ಕಪ್ಪು ಬೊಡ್ಡೆಗಳು ನೆನಪಾದವು. ಅಲ್ಲಿನ ಕಡಲು ಪೂರಾ ಇಳಿದಾಗ ಮರಳಿನಲ್ಲಿ ಮರದ ಬೊಡ್ಡೆಗಳು ಕಾಣುತ್ತವೆ. ನಾಲ್ಕೂವರೆ ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಕಾಡಿತ್ತು, ನೀರು ಏರಿ ಮುಳುಗಿತು. ಭಾನುವಾರ ಅಪ್ಪ ನಮ್ಮನ್ನು ಕರೆದುಕೊಂಡು ಹೋಗಿ ಆ ಬೊಡ್ಡೆಗಳ ಮೇಲೆ ಕೈ ಇಡಿಸುತ್ತಿದ್ದರು. ನೆನೆದ ಮರ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಶಾಲೆಯಲ್ಲಿ ಬೇರೆಯೇ ಕತೆ ಹೇಳುತ್ತಿದ್ದರು: ಕಾಂಟ್ರೆರ್ ಗ್ವಾಯ್ಲೊಡ್ ಅನ್ನುವ ರಾಜ್ಯ ಅಲ್ಲಿತ್ತು, ಒಡ್ಡಿನ ಬಾಗಿಲು ಕಾಯುವವನು ಕುಡಿದು ಮಲಗಿದ, ಸಮುದ್ರ ಒಳಗೆ ನುಗ್ಗಿತು, ಈಗಲೂ ನೀರಿನ ಅಡಿಯಿಂದ ಗಂಟೆ ಕೇಳುತ್ತದೆ ಅಂತ. ಮನೆಗೆ ಬಂದು ಹೇಳಿದರೆ ಅವ್ವ "ನಮ್ಮ ದ್ವಾರಕಾನೂ ಹಿಂಗ ಮುಳಗೇತಿ" ಅಂದಿದ್ದಳು. ಮಾರನೇ ದಿನ ನಾನು ಕ್ಲಾಸಿನಲ್ಲಿ ಎದ್ದು ನಿಂತು ದ್ವಾರಕೆಯ ಕತೆ ಹೇಳಿದೆ, ಅರ್ಧ ಇಂಗ್ಲಿಷ್‌ನಲ್ಲಿ ಅರ್ಧ ಬಾರದ ವೆಲ್ಶ್‌ನಲ್ಲಿ.

ನಮ್ಮ ಮನೆ ಇದ್ದದ್ದು ಟ್ರೆವೆಖನ್‌ನಲ್ಲಿ, ರೈದೊಲ್ ನದಿಯ ಸೇತುವೆ ದಾಟಿದರೆ ಸಿಗುವ ಓಣಿಗಳು. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು. ನಮ್ಮ ಹಳೇ ಮನೆಯ ಬಾಗಿಲಿಗೆ ಹಳದಿ ಬಣ್ಣ ಹೊಡೆದಿದ್ದಾರೆ. ಅವ್ವ ಅದರ ಮುಂದೆ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಪಕ್ಕದ ಮನೆ ಮುಂದೆ ನಿಂತಳು.

ಅಲ್ಲಿ ಒಬ್ಬ ಅಜ್ಜಿ ಇದ್ದರು. ಆ ಕಡೆ ಅಜ್ಜಿಗೆ ಮಾಮ್‌ಗಿ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತಿದ್ದೆವು. ನಾವು ಹೋದ ಮೊದಲ ಚಳಿಗಾಲದಲ್ಲಿ ಅವ್ವನಿಗೆ ರೊಟ್ಟಿಯದೇ ಚಿಂತೆ. ಅಪ್ಪ ಬರ್ಮಿಂಗ್‌ಹ್ಯಾಮ್‌ನ ಗುಜರಾತಿ ಅಂಗಡಿಯಿಂದ ಸಜ್ಜೆ ಹಿಟ್ಟು ತಂದಿದ್ದರು, ಆದರೆ ಬಾಡಿಗೆ ಮನೆಯಲ್ಲಿದ್ದ ತೆಳು ಬಾಣಲೆಯ ಮೇಲೆ ರೊಟ್ಟಿ ಸೀದು ಹೋಗುತ್ತಿತ್ತು, ಇಲ್ಲ ಹಸಿ ಉಳಿಯುತ್ತಿತ್ತು. ಒಂದು ದಿನ ಮಾಮ್‌ಗಿ ವೆಲ್ಶ್ ಕೇಕ್ ತಿನ್ನೋಕೆ ಕರೆದರು. ಒಳಗೆ ಹೋಗಿ ನೋಡಿದರೆ ಒಲೆಯ ಮೇಲೆ ಕಪ್ಪನೆಯ, ದಪ್ಪನೆಯ ಕಬ್ಬಿಣದ ಹಂಚು! ಅದಕ್ಕೆ ಅವರು ಪ್ಲಾಂಕ್ ಅನ್ನುತ್ತಿದ್ದರು. ಒಣದ್ರಾಕ್ಷಿ ಹಾಕಿದ ಸಣ್ಣ ಸಣ್ಣ ಬಿಲ್ಲೆಗಳನ್ನು ಅದರ ಮೇಲೆ ಬೇಯಿಸುತ್ತಿದ್ದರು, ನಮಗೋಸ್ಕರ ಹಂದಿ ಕೊಬ್ಬು ಬಿಟ್ಟು ಬೆಣ್ಣೆ, ಮೊಟ್ಟೆ ಬಿಟ್ಟು ಹಾಲು ಹಾಕಿದ್ದರು. ಅವ್ವ ಕೇಕ್ ಕಡೆ ನೋಡಲೇ ಇಲ್ಲ. ಹಂಚಿನ ಅಂಚು ಮುಟ್ಟಿ ನೋಡಿದಳು, ಓಡಿ ಬಂದು ಹಿಟ್ಟಿನ ಡಬ್ಬಿ ತಗೊಂಡು ಹೋದಳು. ಬಿಸಿನೀರು ಹಾಕಿ ನಾದಿ, ಅವರ ಅಡುಗೆಮನೆಯ ಕಟ್ಟೆಯ ಮೇಲೇ ಪಟಪಟ ಬಡಿದು, ಮೇಲೆ ಎಳ್ಳು ಹಚ್ಚಿ ಹಂಚಿಗೆ ಹಾಕಿದಳು. ನೀರು ಸವರಿದಾಗ ಚುರ್ ಅಂತ ಹಬೆ ಎದ್ದಿತು. ರೊಟ್ಟಿ ಉಬ್ಬಿದ್ದು ನೋಡಿ ಮಾಮ್‌ಗಿ ಚಪ್ಪಾಳೆ ಹೊಡೆದರು. ಮುಂದೆ ಮೂರು ವರ್ಷ ವಾರಕ್ಕೊಮ್ಮೆ ಆ ಹಂಚು ನಮ್ಮ ಮನೆಗೆ ಬಂದು ಹೋಗುತ್ತಿತ್ತು. ಸಂಕ್ರಮಣಕ್ಕೆ ಅವರಿಗೆ ಸಜ್ಜೆ ರೊಟ್ಟಿ, ಬೆಣ್ಣೆ ತಪ್ಪದೇ ಹೋಗುತ್ತಿತ್ತು.

ಈಗ ಆ ಮನೆಯಲ್ಲಿ ಕಾಲೇಜು ಹುಡುಗರಿದ್ದಾರೆ. ಮಾಮ್‌ಗಿ ತೀರಿಕೊಂಡು ಬಹಳ ವರ್ಷವಾಯಿತು ಅಂತ ಎದುರು ಮನೆಯವರು ಹೇಳಿದರು. ಅವ್ವ ಚೀಲದಲ್ಲಿ ತಂದಿದ್ದ ಶೇಂಗಾ ಹೋಳಿಗೆ ಪೊಟ್ಟಣವನ್ನು ಎದುರು ಮನೆಯವರಿಗೇ ಕೊಟ್ಟಳು.

ನನ್ನ ಶಾಲೆಯಲ್ಲಿ ಟೀಚರ್ ವೆಲ್ಶ್ ಮಾತಾಡುತ್ತಿದ್ದರು, ಜೊತೆಯ ಮಕ್ಕಳು ಆಟದಲ್ಲೂ ವೆಲ್ಶ್. ಹಾಗಾಗಿ ನನಗೆ ಇಂಗ್ಲಿಷ್‌ಗಿಂತ ಅದೇ ಬೇಗ ಬಂತು. ನಾನು ಮೊದಲು ಕಲಿತ ವಾಕ್ಯ "ಮೈ ಹಿನ್ ಬೂರು ಗ್ಲಾವ್", ಮಳೆ ಬರುತ್ತಿದೆ ಅಂತ. ಅಲ್ಲಿ ದಿನಾ ಬೇಕಾಗುವ ವಾಕ್ಯ ಅದು! ಬೂರು ಅಂದರೆ ಹೊಡೆ. ನಮ್ಮ ಕಡೆ "ಮಳಿ ಹೊಡಿಯಾಕ ಹತ್ತೇತಿ" ಅನ್ನಲ್ವಾ, ಹಾಗೇ. ಇವತ್ತಿಗೂ ಧಾರವಾಡದಲ್ಲಿ ಮಳೆ ಶುರುವಾದರೆ ಅವ್ವ ಅಂಗಳದಿಂದ ಕೂಗುತ್ತಾಳೆ: "ಗ್ಲಾವ್ ಬಂತು, ಅರಿವಿ ತಗೀರಿ."

ಆಗ ನನಗೆ ಗೊತ್ತಿಲ್ಲದ ಒಂದು ವಿಷಯ ಇತ್ತು. ನಾನು ದಿನಾ ಶಾಲೆಗೆ ದಾಟುತ್ತಿದ್ದ ಟ್ರೆವೆಖನ್ ಸೇತುವೆ ಮೇಲೆ 1963ರ ಫೆಬ್ರುವರಿ 2ರಂದು ಒಂದಷ್ಟು ಹುಡುಗ ಹುಡುಗಿಯರು ಚಳಿಯಲ್ಲಿ ಕೂತು ರಸ್ತೆ ತಡೆದಿದ್ದರು. ಕೋರ್ಟಿನ ಸಮನ್ಸ್ ನಮ್ಮ ಭಾಷೆಯಲ್ಲೂ ಕೊಡಿ ಅನ್ನುವುದು ಅವರ ಬೇಡಿಕೆ. ವೆಲ್ಶ್ ಭಾಷಾ ಸಂಘದ ಮೊದಲ ಪ್ರತಿಭಟನೆ ಅದು. ನಾನು ನೋಡುತ್ತಿದ್ದ ಎರಡು ಭಾಷೆಯ ಬೋರ್ಡುಗಳು, ರಸ್ತೆ ಮೇಲೆ ದೊಡ್ಡದಾಗಿ ಬರೆದ ಆರಾವ್, ಅಂದರೆ ನಿಧಾನ ಹೋಗಿ ಅಂತ, ಇವೆಲ್ಲ ಅಂಥ ಜಗಳಗಳಿಂದ ಬಂದವು. ಸೇತುವೆ ಮೇಲೆ ನಿಂತು ಅವ್ವನಿಗೆ ಹೇಳಿದೆ. ಅವಳು 1982ರಲ್ಲಿ ಧಾರವಾಡದಲ್ಲಿ ಕಾಲೇಜು ಓದುತ್ತಿದ್ದವಳು, ಗೋಕಾಕ್ ಚಳವಳಿಯ ಮೆರವಣಿಗೆಯಲ್ಲಿ ನಡೆದವಳು. ಕಲ್ಲಿನ ಕಟ್ಟೆಗೆ ಕೈಯೂರಿ ನದಿ ನೋಡುತ್ತಾ ನಿಂತಳು. "ಮೂರು ವರ್ಷ ಇಲ್ಲೇ ಕಾಯಿಪಲ್ಯ ಹೊತ್ತಕೊಂಡು ಓಡಾಡೇನಿ. ಒಬ್ಬರೂ ಹೇಳಲಿಲ್ಲ ನೋಡು" ಅಂದಳು.

ಮಾರನೇ ದಿನ ಬೆಳಿಗ್ಗೆ ಬಸ್ ಹಿಡಿದು ಗೊಗೆರ್ಧನ್‌ಗೆ ಹೋದೆವು. ಅಪ್ಪ ಕೆಲಸ ಮಾಡಿದ ಜಾಗ. 1919ರಲ್ಲಿ ಶುರುವಾದ ಹುಲ್ಲು, ಓಟ್ಸ್ ತಳಿಗಳ ಸಂಶೋಧನಾ ಕೇಂದ್ರ, ಈಗ ವಿಶ್ವವಿದ್ಯಾಲಯದ ಭಾಗ. ಸದಾ ಮಳೆಯ ಆ ಊರಿನಲ್ಲಿ ನಮ್ಮ ಒಣಭೂಮಿಯ ಸಜ್ಜೆಯ ಮೇಲೂ ಕೆಲಸ ನಡೆಯುತ್ತಿತ್ತು, ಒಣಭೂಮಿ ಬೆಳೆಗಳ ಸಂಶೋಧನೆ ಮಾಡುವ ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆ ಜೊತೆ ಸೇರಿ. ನೀರಿಲ್ಲದೆ, ಬಿಸಿಲಿನಲ್ಲಿ ಸಜ್ಜೆ ಹೇಗೆ ತಡೆಯುತ್ತದೆ ಅನ್ನುವುದನ್ನು ಅಪ್ಪ ನೋಡುತ್ತಿದ್ದರು. ಶನಿವಾರ ಒಮ್ಮೊಮ್ಮೆ ನನ್ನನ್ನೂ ಗಾಜಿನ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಹೊರಗೆ ಮೂಳೆ ಕೊರೆಯುವ ಗಾಳಿ. ಬಾಗಿಲು ತೆರೆದು ಒಳಗೆ ಹೋದರೆ ಏಪ್ರಿಲ್ ತಿಂಗಳ ರಾಯಚೂರು. ಅಪ್ಪನ ಕನ್ನಡಕ ಮಂಜಾಗುತ್ತಿತ್ತು. ಸಾಲುಸಾಲು ಕುಂಡಗಳಲ್ಲಿ ಸಜ್ಜೆ ನನಗಿಂತ ಎತ್ತರ ಬೆಳೆದಿರುತ್ತಿತ್ತು, ಬೇರೆ ಪರಾಗ ತಾಕಬಾರದು ಅಂತ ತೆನೆಗಳಿಗೆಲ್ಲ ಕಾಗದದ ಚೀಲ ತೊಡಿಸಿರುತ್ತಿದ್ದರು. ಅವೆಲ್ಲ ಟೋಪಿ ಹಾಕಿಕೊಂಡು ಕ್ಲಾಸಿಗೆ ಬಂದ ಮಕ್ಕಳ ಹಾಗೆ ಕಾಣುತ್ತಿದ್ದವು. ನಾನು ಕೋಟು, ಸ್ವೆಟರ್, ಕಾಲುಚೀಲ ಎಲ್ಲ ಬಿಚ್ಚಿ ಬರಿಗಾಲಲ್ಲಿ ಓಡಾಡುತ್ತಿದ್ದೆ. ಒಣಗಿದ ಕುಂಡಕ್ಕೆ ನೀರು ಬಿದ್ದಾಗ ಬರುವ ವಾಸನೆಗೆ ಒಂದು ದಿನ ಅಳು ಬಂದಿತ್ತು, ಊರು ನೆನಪಾಗಿ.

ಆ ಗಾಜಿನ ಮನೆ ಯಾವುದು ಅಂತ ಈ ಸಲ ಗುರುತೇ ಸಿಗಲಿಲ್ಲ. ಹೊಸ ಕಟ್ಟಡಗಳು ಬಂದಿವೆ. ಹೊರಗಿನಿಂದಲೇ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. "ಎಡಕ್ಕ ತಿರುಗಸು, ಎಡಕ್ಕ... ಇನ್ನೂ ಮ್ಯಾಲೆ" ಅನ್ನುತ್ತಾ ಹತ್ತು ನಿಮಿಷ ನೋಡಿದರು. ಹೀಗೆ ನಮ್ಮ ವಿಜ್ಞಾನಿಗಳೂ ಬ್ರಿಟನ್ನಿನವರೂ ಸೇರಿ ಮಾಡಿದ ಕೆಲಸದಿಂದಲೇ ಕೇದಿಗೆ ರೋಗ ತಡೆಯುವ ಸಜ್ಜೆ ತಳಿಯೊಂದು 2005ರಲ್ಲಿ ಭಾರತದ ರೈತರಿಗೆ ಸಿಕ್ಕಿತು. ಅಪ್ಪ ಅದರಲ್ಲಿರಲಿಲ್ಲ, ಆದರೆ ಆ ಸುದ್ದಿ ಬಂದ ದಿನ ಮನೆಯಲ್ಲಿ ಪಾಯಸ ಮಾಡಿಸಿದ್ದರು.

ಸಂಜೆಗೆ ಪ್ರಾಮ್. ಕಡಲ ದಂಡೆಗೆ ಕಟ್ಟಿದ ಈ ಅಗಲ ದಾರಿಗೆ ಎಲ್ಲರೂ ಪ್ರಾಮ್ ಅಂತಲೇ ಹೇಳುತ್ತಾರೆ. ಬಂದರಿನಿಂದ ಶುರುವಾಗಿ ಉತ್ತರದ ಕಾನ್‌ಸ್ಟಿಟ್ಯೂಷನ್ ಗುಡ್ಡದ ಬುಡದವರೆಗೆ ಎರಡು ಕಿಲೋಮೀಟರ್ ಆಸುಪಾಸು. ಪದ್ಧತಿ ಏನೆಂದರೆ, ಪೂರ್ತಿ ನಡೆದು ಗುಡ್ಡದ ಬುಡದಲ್ಲಿರುವ ಕಬ್ಬಿಣದ ಕಂಬಿಗೆ ಕಾಲಿನಿಂದ ಒದ್ದು ವಾಪಸ್ ಬರಬೇಕು. ಒದೆಯದಿದ್ದರೆ ನಡೆದದ್ದು ಲೆಕ್ಕಕ್ಕಿಲ್ಲ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಾಲೇಜು ಹುಡುಗರು, ಮುದುಕರು, ನಾಯಿ ತಿರುಗಿಸೋಕೆ ಬಂದವರು, ಎಲ್ಲರೂ ಒದೆಯುತ್ತಾರೆ. ಅಪ್ಪ ಪ್ರತಿ ಸಂಜೆ ಒದೆಯುತ್ತಿದ್ದರು.

ಬಂದರು ಬಿಟ್ಟು ಮೊದಲು ಸಿಗುವುದು ಕೋಟೆ, 1277ರಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಶುರು ಮಾಡಿದ್ದು. ಈಗ ಮುರಿದ ಗೋಡೆಗಳಷ್ಟೇ. ನಮಗೆ ಅದು ಕಣ್ಣಾಮುಚ್ಚಾಲೆ ಆಡುವ ಜಾಗವಾಗಿತ್ತು. ಅದರ ಪಕ್ಕ ಹಳೇ ಕಾಲೇಜು, ನಾವು ಹೋದಾಗ ದುರಸ್ತಿ ನಡೆದಿತ್ತು. ರೈಲ್ವೆ ಕಂಟ್ರಾಕ್ಟರ್ ಒಬ್ಬ ಹೋಟೆಲ್ ಕಟ್ಟೋಕೆ ಹೋಗಿ ದಿವಾಳಿಯಾಗಿ ಮಾರಿದ ಕಟ್ಟಡ ಅದು. 1872ರಲ್ಲಿ 26 ವಿದ್ಯಾರ್ಥಿಗಳೊಂದಿಗೆ ಅಲ್ಲಿ ಕಾಲೇಜು ತೆರೆಯಿತು, ಗಣಿ ಕೆಲಸಗಾರರು, ರೈತರು ಚರ್ಚುಗಳಲ್ಲಿ ಕೊಟ್ಟ ಪುಡಿಗಾಸಿನಿಂದ ನಡೆಯಿತು. ನಮ್ಮ ಕರ್ನಾಟಕ ಕಾಲೇಜಿಗೆ ಅರಟಾಳ ರುದ್ರಗೌಡರು ದೇಣಿಗೆ ಎತ್ತಿದ ಕತೆ ಅವ್ವ ಅಲ್ಲೇ ಮತ್ತೊಮ್ಮೆ ಹೇಳಿದಳು. ಅವಳು ಓದಿದ್ದು ಅಲ್ಲಿ, ಎಷ್ಟು ಸಲ ಹೇಳಿದರೂ ಅವಳಿಗೆ ಸಾಕಾಗುವುದಿಲ್ಲ.

ಪಿಯರ್, ಅಂದರೆ ದಂಡೆಯಿಂದ ಸಮುದ್ರದೊಳಕ್ಕೆ ಕಬ್ಬಿಣದ ಕಂಬಗಳ ಮೇಲೆ ಕಟ್ಟಿದ ಅಟ್ಟ, ಅದರ ಹತ್ತಿರ ಬರುವ ಹೊತ್ತಿಗೆ ಸೂರ್ಯ ನೀರು ಮುಟ್ಟಿದ್ದ. 1865ರ ಈ ಪಿಯರ್ ಸಮುದ್ರದೊಳಗೆ ಬಹಳ ದೂರ ಚಾಚಿತ್ತಂತೆ, ಬಿರುಗಾಳಿಗಳು ಕಿತ್ತು ಕಿತ್ತು ಈಗ ಮೊಂಡಾಗಿದೆ. ಜನ ಕಂಬಿ ಹಿಡಿದು ಸುಮ್ನೆ ಆಕಾಶ ನೋಡುತ್ತಾ ನಿಂತಿದ್ದರು. ನನಗೆ ಗೊತ್ತಿತ್ತು ಯಾಕೆ ಅಂತ. ಮೊದಲು ದೂರದಲ್ಲಿ ಹೊಗೆಯ ಹಾಗೆ ಒಂದು ಗೆರೆ. ಆಮೇಲೆ ಇನ್ನೊಂದು ಕಡೆಯಿಂದ. ಎರಡೂ ಸೇರಿ ಉಬ್ಬಿ, ಹಿಂಡಿ, ಮಗುಚಿ, ಸಾವಿರಾರು ಕಬ್ಬಕ್ಕಿಗಳು ಪಿಯರ್ ಮೇಲೆ ಸುತ್ತಿದವು. ನೆತ್ತಿಯ ಮೇಲೆ ಹಾದಾಗ ರೆಕ್ಕೆಯ ಸದ್ದು ರೇಷ್ಮೆ ಸೀರೆ ಕೊಡವಿದ ಹಾಗೆ ಕೇಳಿತು. ಥಟ್ಟನೆ ಎಲ್ಲ ಪಿಯರ್‌ನ ಅಡಿಗೆ ಸುರಿದವು. ಚಳಿಗಾಲ ಪೂರಾ ಅವು ಮಲಗುವುದು ಆ ಕಬ್ಬಿಣದ ತೊಲೆಗಳ ಮೇಲೆ.

"ಇದೇ ಜಾತಿ ಹಕ್ಕಿ ನಮ್ಮ ಹೊಲದಾಗ ಜೋಳಕ್ಕ ಬೀಳತಿದ್ದವು" ಅಂದಳು ಅವ್ವ. ಸಣ್ಣವಳಿದ್ದಾಗ ಅವಳು ಹೊಲದ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯುತ್ತಿದ್ದಳು, ಹೋ ಅಂತ ಕೂಗಿ. ಇಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ಅವಳೂ ನಿಂತಳು, ಕತ್ತಲಾಗುವವರೆಗೆ.

ಇಲ್ಲಿನ ದಂಡೆಯಲ್ಲಿ ಮರಳಿಗಿಂತ ಬೆಣಚುಕಲ್ಲು ಜಾಸ್ತಿ. ಅಲೆ ಹಿಂದೆ ಸರಿದಾಗ ಸಾವಿರ ಕಲ್ಲು ಒಟ್ಟಿಗೆ ಉರುಳುವ ಸದ್ದು ಇದೆಯಲ್ಲ, ಅದನ್ನು ನಾನು ಬೇರೆಲ್ಲೂ ಕೇಳಿಲ್ಲ. 1999ರಲ್ಲಿ ಹೊರಡುವಾಗ ಅವ್ವ ಒಂದು ಚಪ್ಪಟೆ ಬೂದು ಕಲ್ಲು ಎತ್ತಿಕೊಂಡು ಬಂದಿದ್ದಳು. ಇವತ್ತಿಗೂ ಅದು ನಮ್ಮ ಉಪ್ಪಿನಕಾಯಿ ಭರಣಿಯ ಮೇಲಿದೆ. ಈ ಸಲ ಮತ್ತೊಂದು ಎತ್ತಿ, ಅಂಗೈಯಲ್ಲಿ ತೂಗಿ ನೋಡಿದಳು. ದಂಡೆಯ ಕಲ್ಲು ಒಯ್ಯಬಾರದು ಅಂತ ಕಾನೂನು ಇದೆಯವ್ವಾ ಅಂದೆ. ಹೌದಾ ಅಂತ ಬಗ್ಗಿ, ಎತ್ತಿದ ಜಾಗದಲ್ಲೇ ಇಟ್ಟಳು.

ಪ್ರಾಮ್ ಸುಮಾರು ಬದಲಾಗಿದೆ. 2014ರ ಜನವರಿಯ ಬಿರುಗಾಳಿ ಕಲ್ಲುಹಾಸು ಕಿತ್ತು, ಹಳೇ ತಂಗುದಾಣವನ್ನು ಅರ್ಧ ಕೆಡವಿತ್ತು. ಆಮೇಲೆ ಕಟ್ಟಿದ್ದಾರೆ. ಬ್ಯಾಂಡ್‌ಸ್ಟ್ಯಾಂಡ್ ಹೊಸದು. ಗುಡ್ಡ ಹತ್ತುವ 1896ರ ರೈಲು ನಾವು ಹೋದಾಗ ನಿಂತಿತ್ತು. ಕಂಬಿ ಮಾತ್ರ ಅಲ್ಲೇ ಇತ್ತು, ಒದೆ ತಿಂದು ತಿಂದು ಬಣ್ಣ ಹೋಗಿ.

ಧಾರವಾಡದಲ್ಲಿ ರಾತ್ರಿ ಹನ್ನೊಂದೂವರೆ. ಅಪ್ಪ ಎಚ್ಚರ ಇದ್ದರು. ಮೊಬೈಲ್ ಕೆಳಗೆ ಹಿಡಿದು ಕಂಬಿ ತೋರಿಸಿದೆ. ನಾನು ಒದ್ದೆ. ಅವ್ವ ಇಳಕಲ್ ಸೀರೆಯ ನೆರಿಗೆ ಸ್ವಲ್ಪ ಎತ್ತಿ, ನನ್ನ ಹೆಗಲು ಹಿಡಿದು, ಬೂಟು ಕಾಲಿನಿಂದ ಒದ್ದಳು. ಠಣ್ ಅಂತು.

"ಕೇಳಸಲಿಲ್ಲ, ಗಾಳಿ ಭಾಳ ಐತಿ" ಅಂದರು ಅಪ್ಪ. "ನಂದೂ ಒಂದು ಒದಿ."

ಅವ್ವ ಮತ್ತೆ ನೆರಿಗೆ ಎತ್ತಿ, ಮೊದಲಿಗಿಂತ ಜೋರಾಗಿ ಒದ್ದಳು.