ಡೊಳ್ಳಿನ ಶ್ರುತಿಗೆ ಸಿಂತ್

ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಡೊಳ್ಳಿನ ಚರ್ಮ ತೇವ ಹೀರಿ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಬೆಂಕಿಗೆ ಕಾಯಿಸಿದ ಬಿಗಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಡೊಳ್ಳನ್ನೇ ಮೊದಲು ರೆಕಾರ್ಡ್ ಮಾಡಿ, ಆಮೇಲೆ ಸಿಂತ್ (ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ) ನುಡಿಸುವ ಬೇಸನ್ನು, ಅಂದರೆ ತಗ್ಗು ಸ್ವರಗಳನ್ನು, ಅದರ ಶ್ರುತಿಗೆ ಕೂರಿಸಿ. ಡೊಳ್ಳನ್ನು ಕಂಪ್ಯೂಟರಿನಲ್ಲಿ ಎಳೆದಾಡಿದರೆ ಪೆಟ್ಟಿನ ಮೊನೆಯೇ ಮಂಕಾಗುತ್ತದೆ.

ಕೋಲು ಬೀಳುವ ಮುಖಕ್ಕೊಂದು, ಕೈ ಬೀಳುವ ಮುಖಕ್ಕೊಂದು ಮೈಕ್, ಒಂದೂವರೆ ಅಡಿ ದೂರದಲ್ಲಿ. ಎರಡೂ ಕೂಡಿದಾಗ ಗುಡುಗು ತೆಳುವಾದರೆ ಒಂದರ ಪೊಲಾರಿಟಿ (ಧ್ವನಿ ಅಲೆಯ ಮೇಲು-ಕೆಳಗು) ತಿರುಗಿಸಿ. ಪೆಟ್ಟು ಬಿದ್ದಲ್ಲೆಲ್ಲ ಬೇಸ್ ಸೈಡ್‌ಚೈನ್‌ನಲ್ಲಿ (ಒಂದರ ಸದ್ದಿಗೆ ಇನ್ನೊಂದು ತಾನಾಗಿ ತಗ್ಗುವ ಜೋಡಣೆ) 3–4 ಡೆಸಿಬೆಲ್ ತಗ್ಗಲಿ, ಸಾಕು.

ಕುಣಿತ ಕಾವೇರಿದಂತೆ ಲಯ ಓಡುತ್ತದೆ. ಕುಣಿಯುವವರ ಉಸಿರು ಇರುವುದೇ ಆ ಓಟದಲ್ಲಿ. ದಯವಿಟ್ಟು ಅದನ್ನು ಗ್ರಿಡ್ಡಿಗೆ, ಅಂದರೆ ಕಂಪ್ಯೂಟರಿನ ಸಮಾನ ತಾಳದ ಗೆರೆಗಳಿಗೆ, ಕಟ್ಟಬೇಡಿ. ಲಯ ಎಲ್ಲಿ ಎಷ್ಟು ಓಡಿತೆಂಬ ಟೆಂಪೊ ಮ್ಯಾಪ್ ಬರೆದು, ಸಿಂತನ್ನೇ ಡೊಳ್ಳಿನ ಹಿಂದೆ ಓಡಿಸಿ. ಹೆಂಚಿನ ಮೇಲಿನ ಮಳೆ ಸದ್ದನ್ನು ಬೇರೆ ಟ್ರ್ಯಾಕಿನಲ್ಲಿ ಹಿಡಿದಿಡಿ.